ಆಚೆ ಬರಬೇಕೆಂದ ಮೇಷ್ಟ್ರು

ಹಾಸನದ ನಮ್ಮ ಶಾಲೆಯಲ್ಲಿ ಒಬ್ಬ ಸಮಾಜವಿಜ್ಞಾನದ ಮೇಷ್ಟ್ರಿದ್ದರು. ಪ್ರತಿ ಬೇಸಿಗೆ ರಜೆಗೂ ಟೂರು ಹೋಗಿ ಬಂದು, ಸ್ಟಾಫ್ ರೂಮಿನಲ್ಲಿ ಫೋಟೋ ತೋರಿಸಲು ಫೋನನ್ನು ಉಳಿದ ಮೇಷ್ಟ್ರುಗಳಾದ ನಮ್ಮ ಮೂಗಿಗೇ ಹಿಡಿಯುತ್ತಿದ್ದರು. "ಇರೋ ಜಾಗ ಬುಟ್ಟು ಆಚೆ ಬಂದ್ರೇನೇ ಮನುಷ್ಯ ಬೆಳೆಯೋದು ಕಣಯ್ಯ" ಅನ್ನುವುದು ಅವರ ಮಂತ್ರ. ಬ್ಯಾಂಕಾಕಿಗೂ ರಾಗಿಹಿಟ್ಟು, ಮುದ್ದೆಕೋಲು ಹೊತ್ತು ಹೋಗಿದ್ದರೆಂದು ಅವರ ಹೆಂಡತಿ ಹೇಳಿ ಗೊತ್ತಾಯಿತು.

ಹೋದ ವರ್ಷ ಅವರಿಗೆ ಅರಕಲಗೂಡಿಗೆ ವರ್ಗವಾಯಿತು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮಾರನೆಯ ದಿನವೇ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಬಂದು, ಡಾಕ್ಟರ ಸರ್ಟಿಫಿಕೇಟು ಮುಂದಿಟ್ಟು, "ಅಲ್ಲಿ ನೀರೂ ಒಗ್ಗಲ್ಲ ಸಾ" ಅಂತ ಹೆಡ್‌ಮಾಸ್ಟರ ಎದುರು ಕಣ್ಣೊರೆಸಿಕೊಂಡರು. ಅವರ ಬದಲಿಗೆ ಅರಕಲಗೂಡಿಗೆ ನನ್ನನ್ನು ಹಾಕಿದರು.

ಬೀಳ್ಕೊಡುಗೆಯಲ್ಲಿ ನನಗೆ ಹಾರ ಹಾಕಿದವರೂ ಅವರೇ. ಸೊಂಟದಲ್ಲಿ ಬೆಲ್ಟ್ ಇರಲಿಲ್ಲ. ಬೆನ್ನು ತಟ್ಟಿ, "ಆಚೆ ಹೊಂಟೆಯಲ್ಲ, ಇನ್ನು ಬೆಳೀತೀಯ ಬುಡು" ಅಂದರು.