ಗಂಧದ ಬೊಟ್ಟಿನ ಹೆಡ್‌ಲೈಟುಗಳು

ದಿನವೂ ಬೆಳಿಗ್ಗೆ ದೇವರ ದೀಪಗಳನ್ನು ತಿಕ್ಕಿ ಮುಗಿಸಿದ ಮೇಲೆ, ಉಳಿದ ಹುಣಿಸೆರಸವನ್ನೂ ಪಾತ್ರೆ ತಿಕ್ಕುವ ಪುಡಿಯನ್ನೂ ಒಂದು ಬಟ್ಟಲಲ್ಲಿ ಹಿಡಿದು ವಸಂತಿ ಮೆಟ್ಟಿಲಿಳಿಯುತ್ತಿದ್ದಳು. ದಿಲ್ಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಎರಡನೇ ಮಹಡಿ ಅವಳ ಮನೆ. ಕೆಳಗೆ ಬೇವಿನ ಮರದಡಿ ಅವಳ ಕಾರು. ಅದರ ಎರಡೂ ಹೆಡ್‌ಲೈಟುಗಳನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ತೊಳೆದು, ಒರೆಸಿ, ಒಂದೊಂದರ ನಟ್ಟನಡುವೆ ಗಂಧದ ಬೊಟ್ಟು ಇಡುತ್ತಿದ್ದಳು. ಆಮೇಲೆ ಒಳಗೆ ಕೂತು ಡ್ಯಾಶ್‌ಬೋರ್ಡಿನ ಗಣಪತಿಗೆ ಎರಡು ಊದುಬತ್ತಿ ಹಚ್ಚಿ, ಹೊಗೆ ವ್ಯರ್ಥವಾಗದಂತೆ ಗಾಜುಗಳನ್ನೆಲ್ಲ ಏರಿಸಿ ಬಾಗಿಲು ಹಾಕಿ ಬರುತ್ತಿದ್ದಳು. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ. ಜನವರಿಯ ಮಂಜಿನಲ್ಲಿ ಕಾರೇ ಕಾಣದ ದಿನ, ಕೈಯಿಂದ ತಡವಿ ಹುಡುಕಿ ಬೊಟ್ಟಿಟ್ಟು ಬಂದದ್ದೂ ಉಂಟು. ಒಮ್ಮೆ ಹಾಗೆ ಪಕ್ಕದ ಸರ್ದಾರ್‌ಜಿಯ ಸ್ಕೂಟರಿಗೂ ಒಂದು ಬೊಟ್ಟು ಬಿದ್ದಿತ್ತು. ಅವರು ಅದನ್ನು ವಾರವಿಡೀ ಅಳಿಸಲಿಲ್ಲ.

ವಸಂತಿ ಡ್ರೈವಿಂಗ್ ಕಲಿತದ್ದು ನಲವತ್ತೇಳನೇ ವಯಸ್ಸಿನಲ್ಲಿ. ಗಂಡ ಕೃಷ್ಣಮೂರ್ತಿ ಸಚಿವಾಲಯದಲ್ಲಿ ಅಧಿಕಾರಿ. ತಾನು ಕಲಿಯಲು ಹೋಗಿ ಮೊದಲ ದಿನವೇ ಹಾಲಿನ ಬೂತಿನ ಗೋಡೆಗೆ ಮುತ್ತಿಟ್ಟು ಬಂದವನು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಅಂದಿನಿಂದ ಎಡಗಡೆ ಕೂತು, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುವುದೊಂದೇ ಅವನ ಕೆಲಸ. ಆದರೆ ವಸಂತಿಗೆ ಗೇರು ಹಾಕಿದ ಕೂಡಲೇ ಮೈಗೆ ರೆಕ್ಕೆ ಬಂದಂತಾಗುತ್ತಿತ್ತು. ಸೆಕ್ಟರಿನ ಭಜನೆ ಮಂಡಳಿಯ ಹೆಂಗಸರು ಅದುವರೆಗೆ ಬಸ್ಸಿನಲ್ಲಿ ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ನಲುಗುತ್ತಿದ್ದವರು, ಈಗ ಅವಳ ಹಿಂದಿನ ಸೀಟಿನಲ್ಲಿ ಮಹಾರಾಣಿಯರಾದರು. ಮುನಿರ್ಕಾ ದಾಟುವಷ್ಟರಲ್ಲಿ ಹಾಡು ಶುರುವಾಗುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನೂ ತಾಳ ಹಾಕುತ್ತಿದ್ದ.

ಮೊದಲ ಕಾರು ಹಳೆಯದು. ಅದರ ದೀಪಕ್ಕೆ ದಪ್ಪ ಗಾಜು. ತಿಕ್ಕಿದಷ್ಟೂ ಹೊಳೆಯುತ್ತಿತ್ತು. ಎರಡು ಸಾವಿರದ ಐದರಲ್ಲಿ ಹೊಸ ಕಾರು ಬಂತು, ಹುಣಿಸೆರಸವೂ ತೆಂಗಿನ ನಾರೂ ಅದಕ್ಕೆ ವರ್ಗವಾದವು. ಆದರೆ ವರ್ಷ ಕಳೆಯುವುದರೊಳಗೆ ಹೊಸ ಕಾರಿನ ಬೆಳಕು ಮಂಕಾಯಿತು. ವಸಂತಿ ಇನ್ನಷ್ಟು ತಿಕ್ಕಿದಳು. ಅದು ಇನ್ನಷ್ಟು ಮಂಕಾಯಿತು. ಮಾರುಕಟ್ಟೆಯ ಹಿಂದಿನ ಮೆಕ್ಯಾನಿಕ್ ಭಯ್ಯಾ, ದೊಡ್ಡ ಕಾರಿನವರೆಲ್ಲ ಹಾಕಿಸುವಂಥದ್ದೆಂದು ಹೇಳಿ ನೀಲಿ ಛಾಯೆಯ ಬಿಳಿ ಬಲ್ಬು ಕೂರಿಸಿ ಕೊಟ್ಟ. ಹಳೆಯ ಬಲ್ಬುಗಳನ್ನು ಅವಳು ಬಿಸಾಡಲಿಲ್ಲ, ಸೀರೆಯ ಡಬ್ಬಿಯಲ್ಲಿಟ್ಟು ಡಿಕ್ಕಿಗೆ ಸೇರಿಸಿದಳು.

ಅಂದಿನಿಂದ ಒಂದು ವಿಶೇಷ ನಡೆಯತೊಡಗಿತು. ಎದುರಿನಿಂದ ಬರುವ ಕಾರುಗಳು ಅವಳನ್ನು ಕಂಡೊಡನೆ ದೀಪ ಮಿಟುಕಿಸುತ್ತಿದ್ದವು. ಒಂದಲ್ಲ, ಎರಡಲ್ಲ, ಸಾಲು ಸಾಲಾಗಿ. ವಸಂತಿಗೆ ಮೊದಲು ಸಂಕೋಚವಾಯಿತು, ಆಮೇಲೆ ಸಂತೋಷವಾಯಿತು. ಗಂಧದ ಬೊಟ್ಟು ನೋಡಿ ಇದು ದೇವರ ಕೆಲಸಕ್ಕೆ ಹೊರಟ ಗಾಡಿಯೆಂದು ಜನಕ್ಕೆ ತಿಳಿಯುತ್ತಿದೆ, ನಮಸ್ಕಾರ ಮಾಡುತ್ತಿದ್ದಾರೆ ಎಂದು ಅವಳು ತೀರ್ಮಾನಿಸಿದಳು. ಸ್ಟೀರಿಂಗಿನಿಂದ ಒಂದು ಕೈ ಎತ್ತಿ ತಾನೂ ನಮಸ್ಕರಿಸುತ್ತಿದ್ದಳು. ಹಿಂದಿನ ಸೀಟಿನ ಮೂವರೂ ಒಟ್ಟಿಗೇ ಕೈ ಮುಗಿಯುತ್ತಿದ್ದರು. ಎಪ್ಪತ್ತೆರಡು ವರ್ಷದ ಗಿರಿಜಮ್ಮನವರಂತೂ, ದಿಲ್ಲಿಯವರಿಗೆ ಭಕ್ತಿಯಿಲ್ಲ ಎಂದು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡರು.

ಇಷ್ಟೆಲ್ಲ ಮರ್ಯಾದೆಯ ನಡುವೆ ಒಂದೇ ತೊಂದರೆ. ಎದುರಿನವರ ಬೆಳಕು ವಸಂತಿಯ ಕಣ್ಣಿಗೆ ಚುಚ್ಚುತ್ತಿತ್ತು. ಎರಡು ಸಾವಿರದ ಏಳರ ಹೊತ್ತಿಗೆ ಊರಿನಲ್ಲಿ ಎಲ್ಲಿ ನೋಡಿದರೂ ಎತ್ತರದ ಕಾರುಗಳು, ವೆಲ್ಡಿಂಗ್ ಕಿಡಿಯಂಥ ದೀಪಗಳು. ಒಂದು ಹಾದುಹೋದರೆ ಎದುರಿನ ಗಾಜೆಲ್ಲ ಹಾಲು ಚೆಲ್ಲಿದಂತಾಗಿ ರಸ್ತೆಯೇ ಮಾಯ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಕಣ್ಣು ಚೆನ್ನಾಗಿದೆ ಎಂದರು. ಬೆಳಕು ಬಡಿದ ಮೇಲೆ ಸುಧಾರಿಸಿಕೊಳ್ಳಲು ಐವತ್ತರ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟೇ ಎಂದರು.

ಆ ವರ್ಷ ಕಾರ್ತಿಕದ ಮೂರನೇ ಸೋಮವಾರ, ಭಜನೆಯಿಂದ ಹಿಂದಿರುಗುವಾಗ, ಅಂಥದ್ದೇ ಒಂದು ಬೆಳಕಿಗೆ ಸಿಕ್ಕಿ ವಸಂತಿ ಕಾರಿನ ಪಕ್ಕವನ್ನು ಡಿವೈಡರಿಗೆ ಉಜ್ಜಿದಳು. ಪೆಟ್ಟಾದದ್ದು ಬಣ್ಣಕ್ಕೆ ಮಾತ್ರ. ಆದರೆ ಕೃಷ್ಣಮೂರ್ತಿ ಮನೆಗೆ ಬಂದು ಕೋಟು ಬಿಚ್ಚದೆಯೇ ಫೈಲಿನ ಕೊನೆಯ ಟಿಪ್ಪಣಿಯಂತೆ ಹೇಳಿಬಿಟ್ಟ. ಮುಂದಿನ ಸೋಮವಾರ ಭಜನೆಗೆಂದು ಯಮುನೆಯಾಚೆಯ ಇಂದಿರಾಪುರಂಗೆ ಹೋಗಿ ಬರುವುದೇ ಕಡೆಯ ಅವಕಾಶ. ಅಷ್ಟರಲ್ಲಿ ಇನ್ನೊಂದು ಎಡವಟ್ಟಾದರೆ ಡಿಸೆಂಬರಿನಿಂದ ಡ್ರೈವರ್. ಮರುದಿನ ಬೆಳಿಗ್ಗೆ ವಸಂತಿ ಹೆಡ್‌ಲೈಟುಗಳನ್ನು ಎರಡು ಸಲ ತಿಕ್ಕಿದಳು. ಕೈಯಿಂದ ಸ್ಟೀರಿಂಗ್ ಹೋದರೆ ತಾನೂ ಹಿಂದಿನ ಸೀಟಿನ ಒಂದು ಸಾಮಾನಾಗುತ್ತೇನೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ.

ನಾಲ್ಕನೇ ಸೋಮವಾರ ಸಂಜೆ ಆರಕ್ಕೇ ಕತ್ತಲು. ಯಮುನೆ ದಾಟಿ, ಹೆದ್ದಾರಿ ಹಿಡಿದು, ಮೂವತ್ತೆರಡು ನಮಸ್ಕಾರಗಳನ್ನು ಸ್ವೀಕರಿಸಿ, ಎಡವಟ್ಟಿಲ್ಲದೆ ಕಾರು ಇಂದಿರಾಪುರಂ ತಲುಪಿತು. ಭಜನೆ ಇದ್ದದ್ದು ಚಂದ್ರಕಾಂತನ ಹನ್ನೊಂದನೇ ಮಹಡಿಯ ಫ್ಲಾಟಿನಲ್ಲಿ. ದಾವಣಗೆರೆ ಕಡೆಯ ಹುಡುಗ, ನೋಯ್ಡಾದ ಕಂಪನಿಯಲ್ಲಿ ಮ್ಯಾನೇಜರ್. ಗೇಟಿನಲ್ಲೇ ಕಾಯುತ್ತಿದ್ದ. ಅವನ ಜೊತೆ ಧಾರಿಣಿಯೂ ಇದ್ದಳು. ಲಕ್ಷ್ಮೀ ನಗರದ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಬೆಳಕಿನ ವಿಜ್ಞಾನದಲ್ಲಿ ಸಂಶೋಧನೆ ಮಾಡುವ ಹುಡುಗಿ. ಭಜನೆಗೆ ಬರುವುದು ಪುಳಿಯೋಗರೆಗಾಗಿ ಎಂದು ತಾನೇ ಹೇಳಿಕೊಳ್ಳುವವಳು.

ನೆಲಮಾಳಿಗೆಗೆ ಇಳಿಯುವ ದಾರಿ ಇಕ್ಕಟ್ಟಿನ ತಿರುವಿನದು, ತಾನೇ ಕಾರು ಇಳಿಸಿಕೊಡುತ್ತೇನೆಂದು ಚಂದ್ರಕಾಂತ ಬೀಗದ ಕೈ ತೆಗೆದುಕೊಂಡ. ಮಂಡಿ ನೋವಿನ ಗಿರಿಜಮ್ಮ, ಇನ್ನಿಬ್ಬರು ಹೆಂಗಸರು, ಹಾರ್ಮೋನಿಯಂ, ಇಪ್ಪತ್ತು ತೆಂಗಿನಕಾಯಿ, ಒಂದು ಬೂದುಗುಂಬಳ ಕಾರಿನಲ್ಲೇ ಉಳಿದವು. ವಸಂತಿ, ಕೃಷ್ಣಮೂರ್ತಿ, ಧಾರಿಣಿ ಮೆಟ್ಟಿಲಿಳಿದು ಕೆಳಗೆ ಹೋಗಿ ಕಂಬದ ಪಕ್ಕ ನಿಂತರು.

ಆಗ ತಿರುವಿನಿಂದ ಎರಡು ಸೂರ್ಯರು ಇಳಿದು ಬಂದರು. ವಸಂತಿಗೆ ಕಂಬ ಕಾಣಲಿಲ್ಲ, ಗಂಡ ಕಾಣಲಿಲ್ಲ, ತನ್ನ ಕೈಯೇ ಕಾಣಲಿಲ್ಲ. ಒಂದು ವರ್ಷದಿಂದ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಹೊರಬಂತು. ಮುಖಕ್ಕೆ ಸೆರಗು ಅಡ್ಡ ಹಿಡಿದು ಬೆಳಕಿನ ಕಡೆಗೇ ನಡೆದಳು. ಕಣ್ಣಿಲ್ಲದವನೆಂದಳು, ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ ಎಂದಳು, ಹಿಂದಿಯಲ್ಲೂ ಕನ್ನಡದಲ್ಲೂ ಬೈದಳು. ಇಂಥವರ ಲೈಸೆನ್ಸು ಕಿತ್ತು ಯಮುನೆಗೆ ಎಸೆಯಬೇಕು ಎಂದು ಮುಗಿಸಿ, ಬಾನೆಟ್ಟಿನ ಮೇಲೆ ಪಟ್ಟೆಂದು ಒಂದು ಏಟು ಕೊಟ್ಟಳು.

ಕಾರು ನಿಂತಿತು. ದೀಪ ಆರಿತು. ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಅವಳಿಗೆ ಮೊದಲು ಕಂಡದ್ದು ಎರಡು ಗಂಧದ ಬೊಟ್ಟು.

ಹಿಂದಿನ ಕಿಟಕಿಯಿಂದ ಗಿರಿಜಮ್ಮನವರ ತಲೆ ಹೊರಬಂತು. "ಯಾರಿಗೇ ಈ ಮಂಗಳಾರತಿ? ಒಳಗೆ ಕೂತಿರೋಳು ನಾನು ಕಣೇ."

ಧಾರಿಣಿ ಕಂಬ ಹಿಡಿದುಕೊಂಡು ನಗಲು ಶುರುಮಾಡಿದವಳು ಅಲ್ಲೇ ಕುಸಿದು ಕೂತಳು. ಚಂದ್ರಕಾಂತ ಸ್ಟೀರಿಂಗಿಗೆ ಹಣೆ ಒತ್ತಿಕೊಂಡ. ವಸಂತಿ ಮಾತ್ರ ನಿಂತಲ್ಲೇ ಲೆಕ್ಕ ಹಾಕುತ್ತಿದ್ದಳು: ಹೆದ್ದಾರಿಯ ಮೂವತ್ತೆರಡು, ಅದರ ಹಿಂದಿನ ವಾರದ್ದು, ಒಂದು ವರ್ಷದ್ದು.

"ಹಾಗಾದರೆ ಅವರೆಲ್ಲ ನನಗೆ ನಮಸ್ಕಾರ ಮಾಡ್ತಿರಲಿಲ್ಲವೇನೇ?" ಎಂದು ಕೇಳಿದಳು.

"ಇಲ್ಲ ಆಂಟಿ," ಎಂದಳು ಧಾರಿಣಿ ಕಣ್ಣೊರೆಸಿಕೊಳ್ಳುತ್ತಾ. "ನೀವು ಈಗ ಹೇಳಿದಿರಲ್ಲ, ಅದನ್ನೇ ಹೇಳ್ತಿದ್ರು."

ಇದು ಕೃಷ್ಣಮೂರ್ತಿ ಕಾಯುತ್ತಿದ್ದ ಎಡವಟ್ಟು. ಅವನು ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ವಸಂತಿ, ಏನೇನು ತಪ್ಪಾಗಿದೆಯೋ ಎಲ್ಲವನ್ನೂ ಈಗಲೇ ತೋರಿಸು, ಭಜನೆ ಅರ್ಧ ಗಂಟೆ ತಡವಾದರೆ ಶಿವ ಕೋಪಿಸಿಕೊಳ್ಳುವುದಿಲ್ಲ ಎಂದು ಧಾರಿಣಿಗೆ ಹೇಳಿದಳು.

ಧಾರಿಣಿ ಮೊದಲು ದೀಪದ ಮೇಲೆ ಬೆರಳಾಡಿಸಿದಳು. ಇದು ಗಾಜಲ್ಲ, ಪ್ಲಾಸ್ಟಿಕ್. ನಾರು ಮತ್ತು ಪುಡಿ ಅದರ ಮೇಲೆ ಸಾವಿರಾರು ಗೀರು ಎಳೆದಿವೆ. ಒಂದೊಂದು ಗೀರೂ ಬೆಳಕನ್ನು ಒಂದೊಂದು ಕಡೆಗೆ ಎರಚುತ್ತದೆ. ರಸ್ತೆಗೆ ಬೀಳಬೇಕಾದದ್ದು ಎದುರಿನವರ ಕಣ್ಣಿಗೆ ಬೀಳುತ್ತದೆ. ಇನ್ನು ಬಲ್ಬು. ದೀಪದ ಒಳಗಿನ ಕನ್ನಡಿಯ ಬಟ್ಟಲು ಅದರದೇ ಬಲ್ಬಿಗೆಂದು ಅಳೆದು ಮಾಡಿದ್ದು, ಬೇರೆಯದನ್ನು ತುರುಕಿದರೆ ಬೆಳಕು ಅಂಕೆ ಮೀರುತ್ತದೆ. ನೀಲಿ ಬೆರೆತ ಬಿಳುಪಂತೂ ಹಳದಿಗಿಂತ ಹೆಚ್ಚು ಚುಚ್ಚುತ್ತದೆ.

ಆಮೇಲೆ ಅವಳು ಎದುರಿನ ಗೋಡೆಯ ಮೇಲೆ, ಹೆಡ್‌ಲೈಟಿನ ಎತ್ತರಕ್ಕಿಂತ ತುಸು ಕೆಳಗೆ, ಪೂಜೆಯ ತಟ್ಟೆಯ ಕುಂಕುಮದಲ್ಲಿ ಒಂದು ಗೆರೆ ಎಳೆದಳು. ಹತ್ತಿರದ ರಸ್ತೆಗೆ ಬೀಳುವ ಲೋ ಬೀಮ್ ಹಾಕಿದರೆ ಬೆಳಕಿನ ಅಂಚು ಆ ಗೆರೆಯ ಕೆಳಗಿರಬೇಕು. ಚಂದ್ರಕಾಂತ ದೀಪ ಹಾಕಿದ. ಬೆಳಕು ಗೆರೆಯ ಮೇಲೆ ಎರಡು ಗೇಣು ಹತ್ತಿ ಕೂತಿತ್ತು. ಹಿಂದೆ ಭಾರ ಬಿದ್ದರೆ ಮುಂದಿನ ಮೂತಿ ಮೇಲೇಳುತ್ತದೆ ಎಂದಳು ಧಾರಿಣಿ. ನಂಬದ ಕೃಷ್ಣಮೂರ್ತಿಗಾಗಿ ಪರೀಕ್ಷೆ ನಡೆಯಿತು. ಕಾಯಿಗಳನ್ನು ಇಳಿಸಿದರು, ಬೆಳಕು ಚೂರು ಇಳಿಯಿತು. ಇಬ್ಬರು ಹೆಂಗಸರು ಇಳಿದರು, ಮತ್ತೆ ನಾಲ್ಕು ಬೆರಳು ಇಳಿಯಿತು. ಗಿರಿಜಮ್ಮ ಇಳಿದಾಗ ಒಮ್ಮೆಲೇ ಗೇಣುದ್ದ ಕುಸಿಯಿತು. ಸರಿಯಾಗಿ ಅಳೆಯಲಿಲ್ಲವೆಂದು ಕೃಷ್ಣಮೂರ್ತಿ ಅವರನ್ನು ಮತ್ತೆ ಹತ್ತಿಸಿದ, ಮತ್ತೆ ಇಳಿಸಿದ, ಜೇಬಿನಲ್ಲಿದ್ದ ಭಜನೆಯ ಆಮಂತ್ರಣ ಪತ್ರಿಕೆಯ ಬೆನ್ನಿಗೆ ಅಳತೆ ಬರೆದುಕೊಂಡ.

"ಮೂರನೇ ಸಲ ಹತ್ತಬೇಕಾದರೆ ಹಾರ್ಮೋನಿಯಂ ನೀನೇ ನುಡಿಸಬೇಕಾಗುತ್ತೆ," ಎಂದರು ಗಿರಿಜಮ್ಮ. "ನನ್ನ ತೂಕದಿಂದ ಊರೆಲ್ಲ ಬೆಳಕಾಗುತ್ತೆ ಅಂತ ಇಷ್ಟು ದಿನ ಯಾರೂ ಹೇಳಿರಲಿಲ್ಲ."

ಸ್ಟೀರಿಂಗಿನ ಬಲಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕಿಯಿದ್ದ ಒಂದು ಪುಟ್ಟ ಚಕ್ರವಿತ್ತು. ಅದು ರೇಡಿಯೋದ್ದು, ಕೆಟ್ಟುಹೋಗಿದೆ ಎಂದು ವಸಂತಿ ತಿಳಿದಿದ್ದಳು. ಎಲ್ಲರನ್ನೂ ಕೂರಿಸಿ ಧಾರಿಣಿ ಅದನ್ನು ಎರಡಕ್ಕೆ ತಿರುಗಿಸಿದಾಗ, ಬೆಳಕು ಕುಂಕುಮದ ಗೆರೆಯತ್ತ ತಲೆಬಾಗಿಸಿ ಇಳಿಯಿತು. ಗಿರಿಜಮ್ಮ, ಆರತಿ ತಟ್ಟೆಯನ್ನು ದೇವರ ಮುಖಕ್ಕೆ ಹಿಡಿಯುತ್ತೇವೆಯೇ ಹೊರತು ಪಕ್ಕದವರ ಕಣ್ಣಿಗಲ್ಲವಲ್ಲ ಎಂದರು.

"ಇದೆಲ್ಲ ಬೇರೆಯವರ ಕಣ್ಣಿನ ಮಾತಾಯಿತು," ಎಂದ ಕೃಷ್ಣಮೂರ್ತಿ. "ಇವಳ ಕಣ್ಣಿನ ಗತಿ?"

ಧಾರಿಣಿ ಒಳಗೆ ಬಗ್ಗಿ ಎದುರಿನ ಗಾಜಿನ ಒಳಮೈ ಮೇಲೆ ಬೆರಳಿನಿಂದ ಒಂದು ಓಂಕಾರ ಬರೆದಳು. ಅದು ಸ್ಪಷ್ಟವಾಗಿ ಮೂಡಿತು. ಎರಡು ವರ್ಷದ ಊದುಬತ್ತಿ ಹೊಗೆಯ ಪೊರೆ. ಎದುರಿನಿಂದ ಬಂದ ಬೆಳಕೆಲ್ಲ ಅದರಲ್ಲಿ ಸಿಕ್ಕಿ ಹರಡುತ್ತಿತ್ತು. ಹಾಗೆಂದು ತಪ್ಪೆಲ್ಲ ಆಂಟಿಯದೇ ಅಲ್ಲ ಎಂದಳು. ಪಕ್ಕದಲ್ಲೇ ಇದ್ದ ಚಂದ್ರಕಾಂತನ ಹೊಸ ಎತ್ತರದ ಗಾಡಿಯನ್ನು ಎದುರಾಬದುರು ನಿಲ್ಲಿಸಿ ದೀಪ ಹಾಕಿಸಿ, ವಸಂತಿಯನ್ನು ಅವಳ ಸೀಟಿನಲ್ಲಿ ಕೂರಿಸಿದಳು. ಆ ದೀಪ ನೇರವಾಗಿ ವಸಂತಿಯ ಹುಬ್ಬಿನ ಎತ್ತರಕ್ಕಿತ್ತು. ಅಂಗೈಯಗಲದ ಜಾಗದಿಂದ ಅಷ್ಟೂ ಬೆಳಕು ಹೊಮ್ಮುತ್ತಿತ್ತು. ಚಂದ್ರಕಾಂತ ಪೆಚ್ಚಾಗಿ ನಕ್ಕ. ಅವನ ಗಾಡಿಯಲ್ಲೂ ಅಂಥ ಚಕ್ರವಿತ್ತು, ಅವನೂ ಮುಟ್ಟಿರಲಿಲ್ಲ.

ಮುಂದಿನ ಅರ್ಧ ಗಂಟೆ ನೆಲಮಾಳಿಗೆಯಲ್ಲಿ ಮದುವೆ ಮನೆಯ ಸಡಗರ. ಹನ್ನೊಂದನೇ ಮಹಡಿಯಿಂದ ಟೂತ್‌ಪೇಸ್ಟ್ ಇಳಿದು ಬಂತು. ವಾಚ್‌ಮನ್ ಭಯ್ಯಾ ಬನಿಯನ್ ಬಟ್ಟೆ ತಂದ. ಮೆತ್ತಗೆ, ಮಗುವಿನ ಕೆನ್ನೆಯಂತೆ ಉಜ್ಜಬೇಕೆಂದು ಧಾರಿಣಿ ಹೇಳಿಕೊಟ್ಟಳು. ಗೀರುಗಳು ಪೂರ್ತಿ ಹೋಗಲಿಲ್ಲ. ಮೊಸರಿನಂತಿದ್ದದ್ದು ತಿಳಿ ಮಜ್ಜಿಗೆಯಾಯಿತು, ಉಳಿದದ್ದನ್ನು ಪಾಲಿಶ್ ಅಂಗಡಿಯಲ್ಲಿ ತೆಗೆಸಬೇಕಿತ್ತು. ಡಿಕ್ಕಿಯ ಸೀರೆ ಡಬ್ಬಿಯಿಂದ ಹಳೆಯ ಬಲ್ಬುಗಳು ಹೊರಬಂದವು. ಒಳಗಾಜನ್ನು ವಸಂತಿ ತಾನೇ ಮೂರು ಸಲ ಒರೆಸಿದಳು. ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಘಮಘಮಿಸಿತು. ಕಡೆಗೆ ಹೆಡ್‌ಲೈಟಿನ ಗಂಧವನ್ನು ಒರೆಸಿ, ಒಂದು ಕ್ಷಣ ಕಣ್ಣು ಮುಚ್ಚಿ ನಿಂತು, ಬಾನೆಟ್ಟಿನ ನಡುವೆ ಒಂದೇ ಒಂದು ಹೊಸ ಬೊಟ್ಟಿಟ್ಟಳು. ಅವಳು ಹೊಡೆದ ಜಾಗವೂ ಅದೇ ಆಗಿತ್ತು.

ಭಜನೆ ಆ ದಿನ ರಂಗೇರಿತು. ಹಾಡಿನ ನಡುವೆ ಯಾರಾದರೂ ಒಬ್ಬರಿಗೆ ನಗು ಬಂದರೆ ಸಾಕು, ಸಾಲಿಡೀ ಅಲುಗಾಡುತ್ತಿತ್ತು. ಮೂರು ಸಲ ಮಂಗಳ ನಿಂತು ಮತ್ತೆ ಶುರುವಾಯಿತು. ಧಾರಿಣಿಗೆ ಪುಳಿಯೋಗರೆಯ ದೊಡ್ಡ ಡಬ್ಬಿಯೇ ಸಿಕ್ಕಿತು.

ಎಂಟೂವರೆಗೆ ಎಲ್ಲರೂ ಕೆಳಗಿಳಿದರು. ಚಂದ್ರಕಾಂತ ತನ್ನ ಡ್ರೈವರನ್ನು ಕರೆದು ನಿಲ್ಲಿಸಿದ್ದ. ಇವನು ನಿಮ್ಮೆಲ್ಲರನ್ನೂ ಮನೆ ಮುಟ್ಟಿಸುತ್ತಾನೆ, ಬೇಕಾದರೆ ಡಿಸೆಂಬರಿನಿಂದ ಪ್ರತಿ ಸೋಮವಾರವೂ ಕಳಿಸುತ್ತೇನೆ, ಒಂದು ಪೈಸೆ ಬೇಡ ಎಂದ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಎಲ್ಲರೂ ಕೃಷ್ಣಮೂರ್ತಿಯ ಕಡೆ ನೋಡಿದರು. ಅವನು ಆಮಂತ್ರಣ ಪತ್ರಿಕೆಯ ಬೆನ್ನಿನ ಅಳತೆಗಳನ್ನು ಇನ್ನೊಮ್ಮೆ ಓದಿ, ಮಡಚಿ ಜೇಬಿಗಿಟ್ಟು, ಹೋಗಿ ತನ್ನ ಎಡಗಡೆಯ ಸೀಟಿನಲ್ಲಿ ಕೂತ. ಖಾಲಿ ಡ್ರೈವರ್ ಸೀಟಿನ ಮೇಲಿಂದ ಬಗ್ಗಿ ಆ ಪುಟ್ಟ ಚಕ್ರ ಎರಡರಲ್ಲೇ ಇದೆಯೇ ಎಂದು ನೋಡಿದ.

"ಅಟ್‌ಲೀಸ್ಟ್ ಹೆದ್ದಾರಿವರೆಗೆ ನನ್ನ ಗಾಡಿ ಹಿಂದೆ ಬರಲಿ ಆಂಟಿ," ಎಂದ ಚಂದ್ರಕಾಂತ. "ನಿಮಗೆ ಬೆಳಕಾಗುತ್ತೆ."

ವಸಂತಿ ಅವನ ಕೈಯಿಂದ ಬೀಗದ ಕೈ ತೆಗೆದುಕೊಂಡಳು. ಹಿಂದೆ ಗಿರಿಜಮ್ಮ ಆಗಲೇ ಹಾರ್ಮೋನಿಯಂ ಮೇಲೆ ಬೆರಳಿಟ್ಟಿದ್ದರು.

"ಬೇಡಪ್ಪಾ. ನಿನ್ನ ಡ್ರೈವರೂ ಊಟ ಮಾಡಿ ಮನೆಗೆ ಹೋಗಲಿ," ಎಂದಳು. "ನನ್ನ ರಸ್ತೆಗೆ ನನ್ನ ಬೆಳಕು ಸಾಕು."