ಗೊಳೋ ಅಕ್ಕನ ಸಹಜಾಭಿನಯ

ಅವಳಿಗೆ ಗೊಳೋ ಅಕ್ಕ ಎಂದು ಹೆಸರಿಟ್ಟವನು ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನು. ಮಗ ಯುದ್ಧಕ್ಕೆ ಹೋಗಲಿ, ಸೊಸೆ ಮುನಿಸಿಕೊಂಡು ತವರಿಗೆ ಹೋಗಲಿ, ಅಕ್ಕ ರಂಗದ ನಟ್ಟನಡುವೆ ಕುಸಿದು, ಮುಂಗೈಯನ್ನು ಹಣೆಗೆ ಹಚ್ಚಿ, ಗೊಳೋ ಎಂದು ಅಳಬೇಕು. ಆಮೇಲೆಯೇ ಅವನು ಹಗ್ಗಕ್ಕೆ ಕೈ ಹಾಕುತ್ತಿದ್ದದ್ದು. ಅವಳಿಗೆ ವಿದ್ಯೆ ಕಲಿಸಿದ ಮೇಷ್ಟ್ರ ಪಾಠ ಒಂದೇ: "ಮುಂದಿನ ಸಾಲಿನೋರು ನಿನ್ನ ಮುಖ ನೋಡ್ತಾರೆ. ಕೊನೇ ಬೆಂಚಿನೋನಿಗೆ ಮುಖ ಎಲ್ಲಿ ಕಾಣ್ಬೇಕು? ಅವನಿಗೆ ನಿನ್ನ ಹೆಗಲು ಅಳೋದು ಕಾಣ್ಬೇಕು."

ಆ ಅಳುವನ್ನು ಕಂಡು ಪತ್ರಿಕೆಯವರು 'ಪಾತ್ರಕ್ಕೆ ಜೀವ ತುಂಬಿದರು' ಎಂದು ಬರೆದರು. ಕೆಲವು ವರ್ಷ ಕಳೆದ ಮೇಲೆ ಅದೇ ಅಳು 'ಭಾವಾತಿರೇಕ'ವಾಯಿತು. ಇನ್ನೂ ಕೆಲವು ವರ್ಷಕ್ಕೆ ಯಾರೂ ಅಷ್ಟು ದೊಡ್ಡ ಮಾತಿಗೆ ಹೋಗದೆ 'ಓವರ್ ಆಕ್ಟಿಂಗ್' ಎಂದು ಮುಗಿಸಿದರು. ಅಕ್ಕ ಅಳುವ ರೀತಿ ಒಂದಿಷ್ಟೂ ಬದಲಾಗಿರಲಿಲ್ಲ. ನೋಡುವವರ ಬಾಯಿ ಬದಲಾಗಿತ್ತು, ಅಷ್ಟೆ. ಒಮ್ಮೆ ಮಾತ್ರ ಅವಳು ತಗ್ಗಿಸಿ ಆಡಿ ನೋಡಿದಳು. ಆ ರಾತ್ರಿ ಕಂಪನಿಯ ಯಜಮಾನರು "ಏನಮ್ಮ, ಮೈ ಸರಿ ಇಲ್ವಾ? ತೀರಾ ಸಪ್ಪೆ" ಎಂದರು. ಹೆಚ್ಚಾದರೆ ಓವರ್, ಕಡಿಮೆಯಾದರೆ ಸಪ್ಪೆ. ಇವೆರಡರ ನಡುವೆ ಸಹಜ ಎಂಬುದೊಂದು ಇದೆಯಂತೆ, ಅದರ ಅಳತೆ ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಕಂಪನಿ ಮುಚ್ಚಿತು. ಗಂಡ ತೀರಿಕೊಂಡ ಮೇಲೆ ಅಕ್ಕ ತಂಗಿಯ ಮನೆ ಸೇರಿದಳು. ಅಲ್ಲೂ ಸಾರಿಗೆ ಉಪ್ಪು ಕಡಿಮೆಯೆಂದು ಹೇಳುವಾಗ ಅವಳ ಕೈ ಎದೆಗೆ ಹೋಗುತ್ತಿತ್ತು. "ಅಕ್ಕಾ, ಉಪ್ಪಿನ ಡಬ್ಬಿ ಅಲ್ಲೇ ಇದೆ, ಹಾಕ್ಕೋ. ಪಕ್ಕದ ಮನೆಯೋರು ಏನಾಯ್ತೋ ಅಂತ ಓಡಿ ಬರ್ತಾರೆ" ಎಂದು ತಂಗಿ ರೇಗಿಸುವಳು.

ಇಂಥವಳಿಗೆ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಸಾವಿನ ಸುದ್ದಿಯನ್ನು ಮನೆಯವರಿಗೆ ಹೇಗೆ ಹೇಳಬೇಕೆಂದು ಅಲ್ಲಿ ಮುಂದೆ ಡಾಕ್ಟರಾಗುವವರಿಗೆ ಕಲಿಸುತ್ತಾರೆ. ಹೇಳಿ ಕಲಿಯಲು ಎದುರಿಗೆ ಒಬ್ಬರು ಬೇಕಲ್ಲ, ಅದಕ್ಕೆ ಅಕ್ಕ. ಒಂದು ಕೋಣೆ, ಎರಡು ಕುರ್ಚಿ, ಮೇಜಿನ ಮೇಲೆ ನೀರಿನ ಜಗ್ಗು, ಮೂಲೆಯಲ್ಲಿ ಅಂಕ ಹಾಕಲು ಕೂತ ಮೇಡಂ. ಬಣ್ಣವಿಲ್ಲ, ದೀಪವಿಲ್ಲ, ನೋಡುವವರು ಇಬ್ಬರೇ. ಆದರೂ ಅದು ಪಾತ್ರ. ಇದೂ ಕೈಬಿಟ್ಟರೆ ಇನ್ನೆಲ್ಲೂ ತನಗೆ ಪಾತ್ರವಿಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ಹಿಂದಿನ ದಿನದಿಂದಲೇ ಸೀರೆ ಇಸ್ತ್ರಿ ಮಾಡಿ ಕಾಯುತ್ತಿದ್ದಳು.

ತೊಂದರೆಯೆಂದರೆ ಅವಳು ಅಳಲು ಶುರು ಮಾಡಿದರೆ ವಿದ್ಯಾರ್ಥಿಗಳಿಗೆ ಕಲಿತದ್ದೆಲ್ಲ ಮರೆತುಹೋಗುತ್ತಿತ್ತು. ಒಬ್ಬ ಹುಡುಗ ಹೆದರಿ ನಿಜವಾದ ನರ್ಸನ್ನೇ ಕರೆತಂದಿದ್ದ. ಮೇಡಂ ಒಳ್ಳೆಯವರೇ, ಬೈಯಲಿಲ್ಲ.

"ಅಮ್ಮಾ, ಇದು ಸ್ಟೇಜ್ ಅಲ್ಲ. ಮನೇಲಿ ಇರೋ ಹಾಗೆ, ಸಹಜವಾಗಿ ಮಾಡಿ. ಈ ಪರೀಕ್ಷೇಲೂ ಓವರ್ ಆದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದರು.

ಪರೀಕ್ಷೆಯ ದಿನ ಅಕ್ಕ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತಳು. ಸಾಮಾನ್ಯವಾಗಿ ಆ ಕೋಣೆಯಲ್ಲಿ ಸಾಯುತ್ತಿದ್ದವನು ಮಗ. ಆ ದಿನ ಗಂಡನ ಸರದಿ. ಒಳಗೆ ಬಂದ ಹುಡುಗಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮೆಲ್ಲಗೆ ಹೇಳಿದಳು.

"ಅಮ್ಮಾ, ನಮ್ಮ ಕೈಲಾದ್ದೆಲ್ಲ ಮಾಡಿದ್ವಿ. ನಿಮ್ಮ ಯಜಮಾನರು ಉಳೀಲಿಲ್ಲ."

ಅಕ್ಕ ಅಲುಗಾಡಲಿಲ್ಲ. ಸಹಜವಾಗಿ ಏನು ಮಾಡಬೇಕು ಎಂದು ಯೋಚಿಸುತ್ತಿದ್ದಾಗಲೇ ಬಾಯಿ ತಾನಾಗಿ ಆಡಿತು.

"ಅವರು ಡಬ್ಬಿ ಊಟ ಮಾಡಿದ್ರಾ?"

ಇದು ಅವಳು ಕಟ್ಟಿದ ಮಾತಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಕೆಲಸದಲ್ಲಿದ್ದಾಗಲೇ ಕುಸಿದು ಸತ್ತ ಮಧ್ಯಾಹ್ನ, ಆಸ್ಪತ್ರೆಯ ಪಡಸಾಲೆಯಲ್ಲಿ ಅವಳು ಕೇಳಿದ್ದು ಇದನ್ನೇ. ಬೆಳಿಗ್ಗೆ ಡಬ್ಬಿ ಕಟ್ಟಿ ಕಳಿಸಿದ್ದಳು. ಹಸಿದುಕೊಂಡು ಹೋದನೋ ಉಂಡು ಹೋದನೋ, ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಸುದ್ದಿ ಹೇಳಿದ ಡಾಕ್ಟರು ಅವಳ ಮುಖವನ್ನೊಮ್ಮೆ ನೋಡಿ ಬೇರೆ ರೋಗಿಯ ಕಡೆ ನಡೆದುಬಿಟ್ಟಿದ್ದರು. ಅವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. "ಸ್ಟೇಜ್ ಮೇಲೆ ಕೊಡಗಟ್ಟಲೆ ಸುರಿಸ್ತಾಳೆ, ಗಂಡನಿಗೆ ಒಂದು ತೊಟ್ಟಿಲ್ಲ" ಎಂದು ನಾದಿನಿ ನೆಂಟರ ಎದುರಿಗೇ ಅಂದಳು. ಆ ಮಾತು ಅಕ್ಕನನ್ನು ಸುಟ್ಟಿತು. ಆದರೂ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ.

ಮೂಲೆಯಲ್ಲಿ ಮೇಡಂ ಹುಬ್ಬು ಗಂಟಿಕ್ಕಿದರು. ಗಂಡ ಸತ್ತನೆಂದರೆ ಊಟದ ವಿಚಾರ ಕೇಳುವುದು ಅವರಿಗೆ ಸಹಜವೆನಿಸಲಿಲ್ಲ. ಹುಡುಗಿಗೂ ಇದಕ್ಕೆ ಉತ್ತರ ಯಾರೂ ಕಲಿಸಿರಲಿಲ್ಲ. ಅವಳು ಅಕ್ಕನ ಮೊಣಕೈ ಮುಟ್ಟಿ, "ಗೊತ್ತಿಲ್ಲಮ್ಮ. ಕೇಳ್ಕೊಂಡು ಬರ್ತೀನಿ, ಇಲ್ಲೇ ಇರಿ" ಎಂದು ಎದ್ದು ಹೊರಗೆ ಹೋಗಿಯೇಬಿಟ್ಟಳು.

ಹೊರಗೆ ಕೇಳಲು ಯಾರಿದ್ದಾರೆ? ಗಂಡನೇ ಇಲ್ಲದ ನಾಟಕ, ಪಡಸಾಲೆಯಲ್ಲಿ ಸರದಿಗೆ ಕಾಯುತ್ತಿದ್ದ ಹುಡುಗರು ಬಿಟ್ಟರೆ ನರಪಿಳ್ಳೆಯಿಲ್ಲ. ಮೇಡಂ ಗಡಿಯಾರ ನೋಡಿದರು. ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು. ಹುಡುಗಿ ವಾಪಸು ಬಂದು, ಅದೇ ಕುರ್ಚಿಯಲ್ಲಿ ಕೂತಳು.

"ಕೇಳಿದೆ ಅಮ್ಮ. ಊಟ ಮಾಡಿದ್ರಂತೆ. ಡಬ್ಬಿ ಖಾಲಿ ಇತ್ತಂತೆ."

ತೊಡೆಯ ಕೆಳಗಿದ್ದ ಕೈಗಳು ಹೊರಗೆ ಬಂದವು. ಅಕ್ಕ ಕುರ್ಚಿಯಿಂದ ನೆಲಕ್ಕೆ ಕುಸಿದಳು. ಮುಂಗೈ ಹಣೆಗೆ ಹೋಯಿತು, ಹೆಗಲು ಅದುರಿತು, ಗೊಳೋ ಎಂದು ಅತ್ತಳು. ಅವಳ ಮೈಗೆ ಬೇರೆ ಥರ ಅಳುವುದು ಗೊತ್ತಿರಲಿಲ್ಲ. ಹುಡುಗಿಯೂ ನೆಲದ ಮೇಲೆ ಕೂತು ಅವಳ ಬೆನ್ನು ಸವರಿದಳು. ಪಡಸಾಲೆಯಲ್ಲಿದ್ದವರು ಬಾಗಿಲಿಗೆ ಬಂದು ನಿಂತರು.

ಎಲ್ಲ ತಣ್ಣಗಾದ ಮೇಲೆ ಮೇಡಂ ಬೇಸರದಿಂದಲೇ ಹೇಳಿದರು. "ಅಮ್ಮಾ, ಮೊದಲು ಏನೂ ಇಲ್ಲ, ಕೊನೇಲಿ ಮತ್ತೆ ಓವರ್. ಯಾರೂ ಹೀಗೆ ಅಳಲ್ಲ."

"ಹೌದು ಮೇಡಂ, ಸ್ವಲ್ಪ ಜಾಸ್ತಿ ಆಯ್ತು" ಎಂದು ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಮನೆಗೆ ಬಂದಾಗ ತಂಗಿ ಬಟ್ಟೆ ಮಡಚುತ್ತಿದ್ದಳು. ಅಕ್ಕನ ಊದಿದ ಕಣ್ಣು ನೋಡಿ, "ಏನಾಯ್ತೇ? ಕೆಲಸ ಹೋಯ್ತಾ?" ಎಂದಳು.

"ಹೋಯ್ತು" ಎಂದು ಅಕ್ಕ ಅವಳ ಪಕ್ಕದಲ್ಲಿ ಕೂತು, ಒಂದು ಟವೆಲ್ ತೆಗೆದುಕೊಂಡು ಮಡಚತೊಡಗಿದಳು. ಅವಳ ಕೈ ಎದೆಗೆ ಹೋಗಲಿಲ್ಲ, ದನಿ ಏರಲಿಲ್ಲ.

"ನಿನ್ನ ಭಾವ ಊಟ ಮಾಡಿದ್ರಂತೆ ಕಣೇ" ಎಂದಳು.