ಅತ್ತಿಗೆಯ ಮನೆಯವರು

ಝಲ್ ಎಂದಿತು ಬಾಗಿಲು. ತನ್ನ ಬೀಗದಂಗಡಿಯ ಬಾಗಿಲಿಗೆ ಗಂಟೆಯ ಬದಲು ಅವನು ಹಳೆಯ ಬೀಗದ ಕೈಗಳ ದೊಡ್ಡ ಗೊಂಚಲೊಂದನ್ನು ತೂಗುಹಾಕಿದ್ದ. ಯಾವ ಬೀಗಕ್ಕೂ ಸೇರದೆ ಉಳಿದ ಕೈಗಳು ಅವು. ಬಾಗಿಲು ತಳ್ಳಿದವರು ಯಾರೇ ಆಗಲಿ, ಒಳಗೆ ಬರುವ ಮೊದಲೇ ಸುದ್ದಿ ಬರುತ್ತಿತ್ತು. ಆ ಭಾನುವಾರ ಬೆಳಿಗ್ಗೆ ಬಾಗಿಲು ತಳ್ಳಿದವನು ಅವನೇ.

ರಜೆಯ ದಿನ ಅಂಗಡಿ ತೆರೆಯುವುದು ಅವನ ಅಪ್ಪನ ಕಾಲದಲ್ಲಿ ಇರಲಿಲ್ಲ. 'ಬೀಗದ ಕೈ ಮನೆಯೊಳಗೇ ಬಿಟ್ಟು ಹೊರಗೆ ಸಿಕ್ಕಿಕೊಂಡವರು ಭಾನುವಾರವೇ ಜಾಸ್ತಿ ಕಣೇ' ಎಂದು ಹೆಂಡತಿಗೆ ಹೇಳಿ ಬಂದಿದ್ದ. ಅದು ಅರ್ಧ ನಿಜ. ಉಳಿದರ್ಧವೆಂದರೆ, ಆ ಹೊತ್ತಿನಲ್ಲಿ ಮನೆಯಲ್ಲಿರುವುದು ಅವನಿಂದ ಆಗುತ್ತಿರಲಿಲ್ಲ.

ಕಪಾಟಿನ ಮೇಲೆ, ಇನ್ನೂ ಹಲ್ಲು ಕೊರೆಯದ ಬೀಗದ ಕೈಗಳ ಡಬ್ಬಗಳ ನಡುವೆ, ಒಂದು ರೇಡಿಯೋ ಸೆಟ್ಟು ಕೂತಿತ್ತು. ಹಾಡು ಕೇಳುವ ರೇಡಿಯೋ ಅಲ್ಲ, ಮಾತಾಡುವ ರೇಡಿಯೋ. ಮೈಕಿನ ಬದಿಯ ಗುಂಡಿ ಒತ್ತಿದರೆ ನಾವು ಮಾತಾಡಬಹುದು, ಕೇಳುವಂತಿಲ್ಲ. ಬಿಟ್ಟರೆ ಕೇಳಬಹುದು, ಮಾತಾಡುವಂತಿಲ್ಲ. ಇಬ್ಬರು ಒಟ್ಟಿಗೆ ಒತ್ತಿದರೆ ಜೋರಿನದು ಗೆಲ್ಲುತ್ತದೆ, ಇನ್ನೊಂದು ಅಳಿಸಿಹೋಗುತ್ತದೆ. ಅದಕ್ಕೇ ಮಾತು ಮುಗಿಸಿದವರು 'ಓವರ್' ಅಂದು ಗುಂಡಿ ಬಿಡಬೇಕು. ಊರಿನ ಹವ್ಯಾಸಿ ರೇಡಿಯೋ ಕ್ಲಬ್ಬಿಗೆ ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಕಲಿಸಿದವನು ಅವನು. ಜೊತೆಗೆ ಎರಡು ನಿಯಮ ಹೇಳುತ್ತಿದ್ದ: ಕೇಳಿಸದೆ ಕೇಳಿಸಿತು ಅನ್ನಬಾರದು, ಹೇಳದೆ ಎದ್ದು ಹೋಗಬಾರದು.

ಪ್ರತಿ ಭಾನುವಾರ ಬೆಳಿಗ್ಗೆ ಕ್ಲಬ್ಬಿನವರೆಲ್ಲ ತಂತಮ್ಮ ಮನೆಗಳಿಂದ ಒಂದೇ ಅಲೆಯ ಮೇಲೆ ಸೇರುತ್ತಿದ್ದರು. ಒಬ್ಬರು ವಾರದ ವಾರ್ತೆ ಓದಬೇಕು, ಉಳಿದವರು ಒಬ್ಬೊಬ್ಬರಾಗಿ ದನಿಗೂಡಿಸಬೇಕು. ಬೀಗದವನ ಕೂದಲು ನರೆಯುವಷ್ಟು ಕಾಲ ಆ ವಾರ್ತೆ ಅವನದಾಗಿತ್ತು. ದಿನವಿಡೀ ಅರದ ಸದ್ದಿನಲ್ಲಿ ಬಾಯಿ ಮುಚ್ಚಿ ಕೂರುವವನು ಮೈಕು ಹಿಡಿದರೆ ಬೇರೆಯೇ ಮನುಷ್ಯ. ಸೂರ್ಯನ ಮೇಲಿನ ಕಲೆಗಳು, ಯಾವ ಅಲೆ ತೆರೆದಿದೆ, ಯಾವುದು ಮುಚ್ಚಿದೆ, ಯಾರ ಆಂಟೆನಾ ಸೋರುತ್ತಿದೆ, ಎಲ್ಲವೂ ಅವನ ಗಂಭೀರ ದನಿಯಲ್ಲಿ ಸಾಲಾಗಿ ಬರುತ್ತಿದ್ದವು. ಹೆಂಡತಿ ಬಾಗಿಲಲ್ಲಿ ಚಹಾ ಹಿಡಿದು ನಿಂತು ಕೇಳುತ್ತಿದ್ದಳು. ಹಾಗೆ ಕೇಳಿ ಕೇಳಿಯೇ ಅವಳು ಒಂದು ವರ್ಷ ಸದ್ದಿಲ್ಲದೆ ಪರೀಕ್ಷೆ ಕಟ್ಟಿ ರೇಡಿಯೋ ಲೈಸೆನ್ಸು ತಂದಾಗ ಅವನೇ ಹೆಮ್ಮೆಯಿಂದ ಕ್ಲಬ್ಬಿಗೆಲ್ಲ ಸಿಹಿ ಹಂಚಿದ್ದ.

ಆಮೇಲೆ ಅವನ ಗಂಟಲು ಕೈಕೊಟ್ಟಿತು. ಡಾಕ್ಟರು ಮಾತೇ ಆಡಬೇಡಿ ಎಂದರು. 'ನಾಲ್ಕು ವಾರ ನಾನು ಓದ್ತೀನಿ ಬಿಡಿ' ಎಂದಳು ಅವಳು. ಗಂಟಲು ವಾಸಿಯಾಯಿತು. ವಾರ್ತೆ ವಾಪಸಾಗಲಿಲ್ಲ.

ಯಾರೂ ಕಿತ್ತುಕೊಂಡಿದ್ದಲ್ಲ. ಯಾರಿಗೂ ನೆನಪೇ ಆಗಲಿಲ್ಲ, ಅಷ್ಟೆ. ಅದೇ ಅವನನ್ನು ಒಳಗೊಳಗೇ ತಿನ್ನುತ್ತಿದ್ದದ್ದು. ಹಿಂದೆ ಎಲ್ಲರಿಗೂ ಅವನು 'ಬೀಗದಣ್ಣ' ಆಗಿದ್ದ, ಆ ಲೆಕ್ಕದಲ್ಲಿ ಅವಳು ಅತ್ತಿಗೆ. ಈಗ ಅತ್ತಿಗೆಯೇ ಮೊದಲು. ಮೊನ್ನೆ ಬ್ರೆಡ್ ತರಲು ಹೋದರೆ, ಕ್ಲಬ್ಬಿನವನೇ ಆದ ಪಕ್ಕದ ಮನೆಯ ಬೇಕರಿಯವನು ಗಿರಾಕಿಯೊಬ್ಬರಿಗೆ, "ಇವರು ಗೊತ್ತಾಗ್ಲಿಲ್ವಾ? ನಮ್ಮ ಅತ್ತಿಗೆಯ ಮನೆಯವರು!" ಎಂದು ಪರಿಚಯಿಸಿದ್ದ. ಆ ಬ್ರೆಡ್ಡು ಅವನಿಗೆ ಗಂಟಲಲ್ಲಿ ಇಳಿದಿರಲಿಲ್ಲ.

ಸೆಟ್ಟು ಗೊರಗುಟ್ಟಿ ತೆರೆದುಕೊಂಡಿತು. ಅವನೇ ಏಣಿ ಹತ್ತಿ, ಅಂಗೈ ಸುಲಿಸಿಕೊಂಡು ಮನೆಯ ಮೇಲೆ ನಿಲ್ಲಿಸಿದ್ದ ಆಂಟೆನಾ ಕಂಬದಿಂದ ಅವಳ ದನಿ ಹೊರಟು ಬಂತು.

"ಎಲ್ಲರಿಗೂ ನಮಸ್ಕಾರ. ಮೊದಲು ಹೋದ ವಾರದ ಬೇಟೆ ವಿಷಯ. ಅಡಗಿಸಿಟ್ಟ ಟ್ರಾನ್ಸ್‌ಮಿಟರ್ ಹುಡುಕಿ ಅಂದ್ರೆ, ನಮ್ಮ ಬೇಕರಿಯೋರು ಆಂಟೆನಾ ಹಿಡ್ಕೊಂಡು ಯಾರದೋ ಬಚ್ಚಲುಮನೆಗೆ ನುಗ್ಗಿದ್ರಂತೆ. ಒಳಗಿದ್ದೋರು ಸೋಪು ಎಸೆದ್ರಂತೆ. ನಿಜಾನಾ? ಓವರ್."

"ಸೋಪಲ್ಲ ಅತ್ತಿಗೆ, ಚೊಂಬು! ಹಣೆ ನೋಡಿ ಬೇಕಾದ್ರೆ. ಓವರ್."

ಅವಳು ನಕ್ಕಳು. ನೀರು ತುಂಬಿದ ಕೊಡ ತುಳುಕಿದ ಹಾಗೆ, ತಡೆಯಲು ಹೋಗಿ ಇನ್ನಷ್ಟು ಚೆಲ್ಲುವ ನಗು. ಆ ನಗು ಅವನಿಗೆ ಹೊಸದು. ತನ್ನ ಮನೆಯಲ್ಲೇ ಇಷ್ಟು ವರ್ಷ ಇದು ಎಲ್ಲಿ ಅಡಗಿತ್ತು? ಅವನು ಅರವನ್ನು ಬೀಗದ ಕೈಯ ಹಲ್ಲಿನ ಮೇಲೆ ಬೇಕಾದ್ದಕ್ಕಿಂತ ಜೋರಾಗಿ ಎಳೆದ. ಹಲ್ಲು ಸವೆದುಹೋಯಿತು, ಆ ಕೈ ಗೊಂಚಲಿಗೆ ಸೇರಬೇಕಾಯಿತು.

ಅವಳು ಮುಂದಿನ ತಿಂಗಳ ಬೆಟ್ಟದ ಶಿಬಿರದ ಸುದ್ದಿ ಹೇಳಿದಳು, ಬ್ಯಾಟರಿ ಹೊರುವವರು ಯಾರೆಂದು ಕೇಳಿದಳು. ಕ್ಲಬ್ಬಿನ ಅಧ್ಯಕ್ಷರಾದ ಹಡಗಿನಜ್ಜನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದಳು. ಹಡಗುಗಳಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾದ ಆ ಮುದುಕರು, ಬೀಗದವನ ಕಾಲದಲ್ಲಿ 'ಕೇಳಿಸಿತು, ಓವರ್' ಎಂಬುದರಾಚೆ ಒಂದಕ್ಷರ ಆಡದವರು, ಈಗ ಎಣ್ಣೆ ಹಚ್ಚಿದ್ದರಿಂದ ಹಿಡಿದು ರಾತ್ರಿ ನಿದ್ದೆ ಬಂದದ್ದರವರೆಗೆ ಒಪ್ಪಿಸಿದರು. ಇದು ವಾರ್ತೆಯೋ ಕಟ್ಟೆ ಪುರಾಣವೋ ಎಂದುಕೊಂಡ ಬೀಗದವನು. ಆದರೂ ಸೆಟ್ಟಿನ ದನಿ ತಗ್ಗಿಸಲಿಲ್ಲ.

"ಈಗ ಕೊನೆಗೆ, ನಮ್ಮ ಮನೆಯದೇ ಒಂದು ವಿಷಯ," ಎಂದಳು ಅವಳು.

ಅವನ ಕೈ ನಿಂತಿತು. ಹೋದ ವಾರವೂ ಹೀಗೇ ಶುರುಮಾಡಿ, ಅವನು ಉಪ್ಪುನೀರು ಮುಕ್ಕಳಿಸುವ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿದ್ದನ್ನು ಹೇಳಿದ್ದಳು. ಊರಿಗೆ ಊರೇ ನಕ್ಕಿತ್ತು. ಇವತ್ತು ಇನ್ನೇನೋ! ತಾನು ಬಿಟ್ಟ ಕುರ್ಚಿಯಲ್ಲಿ ಕೂತು ತನ್ನನ್ನೇ ಆಡಿಕೊಳ್ಳುವುದೇ? ಯೋಚಿಸುವ ಮೊದಲೇ ಮೈಕು ಕೈಗೆ ಬಂದಿತ್ತು. ಅದರ ಬಾಯಿಗೆ ಅಂಗೈ ಮುಚ್ಚಿ ಗುಂಡಿ ಒತ್ತಿಬಿಟ್ಟ.

ಅಂಗಡಿಯ ಸೆಟ್ಟು ಮನೆಯದಕ್ಕಿಂತ ಬಲವಾದದ್ದು. ಅವಳ ಮಾತು ಅಲ್ಲಿಗೆ ಮುಳುಗಿತು. ಏನೆಂದಳೋ ಅವನಿಗೂ ಕೇಳುವಂತಿರಲಿಲ್ಲ. ಸಾಕಷ್ಟು ಹೊತ್ತಾಯಿತು ಅನಿಸಿದಾಗ ಬೆರಳು ಸಡಿಲಿಸಿದ.

"...ಏನೂ ಕೇಳಿಸ್ಲಿಲ್ಲ ತಾಯಿ," ಹಡಗಿನಜ್ಜನ ದನಿ. "ಯಾರೋ ಗುಂಡಿ ಮೇಲೆ ಕೂತುಬಿಟ್ಟಿದ್ದಾರೆ. ಎದ್ದೇಳ್ರಪ್ಪ! ಓವರ್."

"ಪರವಾಗಿಲ್ಲ ಅಜ್ಜ, ಇನ್ನೊಂದ್ಸಲ ಹೇಳ್ತೀನಿ."

ಅವನು ಮತ್ತೆ ಒತ್ತಿದ. ಈ ಸಲ ಬೆವರಿದ ಅಂಗೈ ಮೈಕಿನ ಬಾಯಿಂದ ಜಾರಿತು. ಅದೇ ಹೊತ್ತಿಗೆ ಗಿರಾಕಿಯೊಬ್ಬಳು ಬಾಗಿಲು ತಳ್ಳಿಕೊಂಡು ಒಳಬಂದಳು. ಅವನು ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು ಕಣ್ಣರಳಿಸಿದ. ಬೀಗ ಒಡೆಸಲು ಬಂದಿದ್ದ ಆಕೆ, ಕಳ್ಳನೇ ಒಳಗಿದ್ದಾನೆಂದುಕೊಂಡಳೋ ಏನೋ, ಹಿಂದಕ್ಕೆ ಕಾಲಿಟ್ಟು ಹಾಗೇ ಹೊರಗೆ ಹೋಗಿಬಿಟ್ಟಳು. ಅವನು ಗುಂಡಿ ಬಿಟ್ಟ.

"...ಬೀಗದಂಗಡಿಯೋರೇ," ಎನ್ನುತ್ತಿದ್ದಳು ಅವಳು, "ನಿಮಗೆ ಕೇಳಿಸ್ತಾ? ನಿಮ್ಮ ಒಪ್ಪಿಗೆ ಬೇಕು. ಓವರ್."

ಅಲೆ ಖಾಲಿಯಾಗಿ ಕಾಯಿತು. ಕೇಳಿಸಲಿಲ್ಲ ಎಂದರೆ ಮೂರನೇ ಸಲ ಹೇಳುತ್ತಾಳೆ, ಎಲ್ಲರೂ ಕೇಳುತ್ತಾರೆ, ಮತ್ತೆ ನಗು ಏಳುತ್ತದೆ. ಅವನು ಗಂಟಲು ಸರಿಮಾಡಿಕೊಂಡು, ತನ್ನ ಹಳೆಯ ಗಂಭೀರ ದನಿಯನ್ನು ಹುಡುಕಿ ತಂದು ಹೇಳಿದ: "ಪೂರ್ತಿ ಕೇಳಿಸ್ತು. ಒಪ್ಪಿಗೆ. ಓವರ್."

"ನಿಜವಾಗ್ಲೂ?" ಎಂದಳು. ಅವಳ ದನಿಯಲ್ಲಿ ಈಗ ನಗು ಇರಲಿಲ್ಲ.

"ಒಪ್ಪಿಗೆ ಅಂದ್ನಲ್ಲ."

ಮಧ್ಯಾಹ್ನ ಕ್ಲಬ್ಬಿನ ತಿಂಗಳ ಸಭೆ. ಟೈರ್ ಅಂಗಡಿಯ ಮೇಲಿನ ಕೋಣೆ. ರಬ್ಬರಿನ ವಾಸನೆಗೆ ಬೆಸುಗೆಯ ಹೊಗೆ ಬೆರೆತ ಗಾಳಿ. ಅವನು ಒಳಗೆ ಕಾಲಿಟ್ಟಾಗ ಮಾತು ಒಂದು ಕ್ಷಣ ನಿಂತು, ಆಮೇಲೆ ಬೇಕಾದ್ದಕ್ಕಿಂತ ಚುರುಕಾಗಿ ಮುಂದುವರಿಯಿತು. ಅವಳು ಆಗಲೇ ಬಂದು ಕಿಟಕಿಯ ಬಳಿ ಕೂತಿದ್ದಳು.

"ಬಾರಪ್ಪ," ಎಂದರು ಹಡಗಿನಜ್ಜ. "ದೊಡ್ಡ ಮನಸ್ಸು ಮಾಡಿದೆ. ಇನ್ನು ಮೇಲೆ ವಾರ್ತೆ ಅತ್ತಿಗೇದೇ ಅಂತ ಬರೆದುಕೊಂಡುಬಿಡ್ತೀನಿ."

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಕೇಳುವಂತೆಯೂ ಇರಲಿಲ್ಲ. ಪೂರ್ತಿ ಕೇಳಿಸಿತು ಎಂದವನು ಅವನೇ ತಾನೆ?

ಬೇಕರಿಯವನಿಗೆ ಬಾಯಿ ತಡೆಯಲಿಲ್ಲ. "ನನ್ನ ಮನೆ ಅತ್ತಿಗೆ ಮನೆ ಗೋಡೆಗೆ ಅಂಟಿಕೊಂಡಿದೆಯಲ್ಲ, ಅಷ್ಟು ಹತ್ತಿರದ ಅವರ ಆಂಟೆನಾ ಮುಂದೆ ಯಾರ ಗುಂಡಿಯೂ ನಡೆಯಲ್ಲ. ಒಂದಕ್ಷರ ಬಿಡದೆ ಕೇಳಿಸ್ತು. 'ಕ್ಲಬ್ಬಿನೋರು ನೀವೇ ಓದಿ ಅಂತಿದ್ದಾರೆ. ಆದ್ರೆ ಅದು ನಮ್ಮ ಮನೆಯವರದ್ದು, ಗಂಟಲೂ ಸರಿಹೋಗಿದೆ. ಅವರು ಒಪ್ಪಿದ್ರೆ ಮಾತ್ರ ಮುಂದುವರಿಸ್ತೀನಿ, ಬೇಡ ಅಂದ್ರೆ ಬರೋ ವಾರದಿಂದ ಅವರೇ.' ಎರಡು ಸಲ ಹೇಳಿದ್ರು ಪಾಪ. ದೂರದೋರಿಗೆ ಮಾತ್ರ ಬರೀ ಝಲ್ ಝಲ್ ಕೇಳಿಸ್ತಂತೆ. ಅಲ್ವಾ ಅಜ್ಜ?"

ಯಾರೋ ಕೆಮ್ಮಿದರು. ಇನ್ಯಾರೋ ಆ ಕೆಮ್ಮಿನ ಹಿಂದೆ ನಕ್ಕರು. ಆ ಕೋಣೆಯಲ್ಲಿದ್ದವರೆಲ್ಲ ಒಂದಲ್ಲ ಒಂದು ದಿನ ಅವನ ಅಂಗಡಿಯ ಬಾಗಿಲು ತಳ್ಳಿದವರೇ.

"ನಮ್ಮ ಹಿತ್ತಿಲ ಬಾಗಿಲಿರಬೇಕು, ಗಾಳಿಗೆ ಸರಪಳಿ ಅಲ್ಲಾಡುತ್ತೆ," ಎಂದಳು ಅವಳು ಕಿಟಕಿಯ ಕಡೆ ನೋಡುತ್ತ.

ಹಾಗಿದ್ದರೆ ಆ ಝಲ್ ಸದ್ದು ಗೋಡೆಯ ಪಕ್ಕದ ಬೇಕರಿಯವನಿಗೇ ಮೊದಲು ಕೇಳಿಸಬೇಕಿತ್ತು ಎಂದು ಯಾರೂ ಹೇಳಲಿಲ್ಲ. ಅವಳಿಗಾಗಿ ಹೇಳಲಿಲ್ಲ. ಅದು ಬೀಗದವನಿಗೆ ಎಲ್ಲರ ನಗುವಿಗಿಂತ ಹೆಚ್ಚು ಚುಚ್ಚಿತು. ಅವನು ಎದ್ದು ಮೆಟ್ಟಿಲಿಳಿದ.

ಬೀದಿಯಲ್ಲಿ ಪೇರಿಸಿಟ್ಟ ಟೈರುಗಳ ಪಕ್ಕದಲ್ಲಿ ಅವಳು ಅವನನ್ನು ಹಿಡಿದಳು.

"ರೀ, ನಿಲ್ಲಿ. ಯಾಕ್ರೀ ಹೀಗೆ ಮಾಡಿದ್ರಿ?"

"ಮತ್ತೆ ನನ್ನ ಆಡಿಕೊಳ್ತೀಯ ಅಂದುಕೊಂಡೆ."

"ಬೇಡ ಅನ್ನೋ ಒಂದು ಮಾತಿಗೆ ಕಾದಿದ್ದೆ. ನೀವೇ ಒಪ್ಪಿಗೆ ಅಂದ್ರಿ."

ಅವನು ಟೈರಿನ ಮೇಲಿನ ಧೂಳಿನಲ್ಲಿ ಬೆರಳಾಡಿಸಿದ. ಹೇಳಬೇಕೆಂದುಕೊಂಡದ್ದು ವಾರ್ತೆಯ ಬಗ್ಗೆ. ಬಾಯಿಗೆ ಬಂದದ್ದು ಬೇರೆ. "ಎಲ್ಲರ ಹತ್ರ ಅಷ್ಟೊಂದು ನಗ್ತೀಯಲ್ಲ. ನನ್ನ ಹತ್ರ ಎಂದಾದ್ರೂ ಹಾಗೆ ನಕ್ಕಿದ್ದೀಯಾ?"

"ನೀವು ಎಂದಾದ್ರೂ ಗುಂಡಿ ಬಿಟ್ಟಿದ್ದೀರಾ, ನಾನು ಮಾತಾಡೋಕೆ?" ಎಂದಳು. ಕೋಪದಿಂದಲ್ಲ, ಊಟ ಮಾಡಿದ್ರಾ ಎಂದು ಕೇಳುವಷ್ಟು ಮೆತ್ತಗೆ. ಆಮೇಲೆ ಅವನ ತೋಳು ಮುಟ್ಟಿದಳು. "ಹೋಗ್ಲಿ ಬಿಡಿ. ಅಜ್ಜ ಇನ್ನೂ ಬರೆದಿಲ್ಲ. ಮೇಲೆ ಬಂದು 'ನನಗೆ ಬೇಕು' ಅನ್ನಿ, ಸಾಕು. ಬರೋ ವಾರ ನಾನು ಚಹಾ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತೀನಿ. ನಿಮಗೆ ಬೇಕಾ, ಬೇಡ್ವಾ?"

ಬೇಕು ಎಂಬ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು.

"ಅತ್ತಿಗೇ!" ಮೇಲಿನ ಕಿಟಕಿಯಿಂದ ಬೇಕರಿಯವನ ತಲೆ ಹೊರಬಂತು. "ನೀವಿಲ್ದೆ ಇಲ್ಲಿ ಚಹಾನೂ ಆರುತ್ತೆ, ಸಭೆನೂ ಆರುತ್ತೆ!"

"ಬಂದೆ ಕಣೋ, ಚೊಂಬಿನೇಟು!" ಎಂದು ಅವಳು ಮುಖ ಮೇಲೆತ್ತಿದಳು. ನಕ್ಕಳು. ಅದೇ ನಗು, ಚೆಲ್ಲುವ ನಗು.

ಅವಳು ಮುಖ ತಿರುಗಿಸುವಷ್ಟರಲ್ಲಿ ಅವನು ಟೈರುಗಳನ್ನು ದಾಟಿಯಾಗಿತ್ತು.

"ರೀ! ಹೇಳದೆ ಹೋಗಬಾರದು ಅಂತ ಕಲಿಸಿದೋರು ನೀವೇ. ಬೇಕೋ ಬೇಡ್ವೋ, ಒಂದು ಮಾತು..."

ಅವನು ತಿರುಗಲಿಲ್ಲ. ಜೇಬಿನೊಳಗೆ ಅಂಗಡಿಯ ಬೀಗದ ಕೈಗಳನ್ನು ಒಂದಕ್ಕೊಂದು ತಾಗದಂತೆ ಮುಷ್ಟಿಯಲ್ಲಿ ಬಿಗಿಹಿಡಿದು, ಸದ್ದೇ ಆಗದ ಹಾಗೆ ಬೀದಿಯುದ್ದಕ್ಕೂ ನಡೆದ.